ಮೊಕದ್ದಮೆ ಓದಿ ನೌಕರಿ ಮಾಡುವ ಬಗೆ: ತುಮಕೂರಿನ ಸಾಫ್ಟ್‌ವೇರ್ ಉದ್ಯೋಗಿಗಳಿಗೆ ಒಂದು ಕೈಪಿಡಿ

ದೊಡ್ಡ ತಂತ್ರಜ್ಞಾನ ಕಂಪನಿಗಳು ಕೋರ್ಟಿನ ಮೆಟ್ಟಿಲು ಹತ್ತಿದ ಸುದ್ದಿ ಬಂದಾಗ ನಮ್ಮಲ್ಲಿ ಪ್ರತಿಯೊಬ್ಬರ ಬಳಿಯೂ ಒಂದು ಅಭಿಪ್ರಾಯ ಸಿದ್ಧವಾಗಿರುತ್ತದೆ. ತುಮಕೂರಿನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲಿನಲ್ಲಿ ಗೂಗಲ್ ಮಾಡಿದ್ದು ಸರಿಯೋ ತಪ್ಪೋ ಎಂಬ ತೀರ್ಪು ಕ್ಯಾತ್ಸಂದ್ರ ದಾಟುವಷ್ಟರಲ್ಲಿಯೇ ಹೊರಬಿದ್ದಿರುತ್ತದೆ. ಅಭಿಪ್ರಾಯ ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಕೈತುಂಬ ಸಂಬಳದ ಕನಸು ಹೊತ್ತ ಸಾಮಾನ್ಯ ಎಂಜಿನಿಯರನಿಗೆ ಇಂಥ ವ್ಯಾಜ್ಯಗಳಿಂದ ಸಿಗುವ ನಿಜವಾದ ಲಾಭ ಯಾರು ಗೆದ್ದರು ಎಂಬ ಸಂಗತಿಯಲ್ಲಿಲ್ಲ. ಕೋರ್ಟಿನ ಕಡತವನ್ನು ಬಿಡಿಸಿ ನೋಡಿದರೆ, ಕೋಟಿಗಟ್ಟಲೆ ಡಾಲರಿನ ದಾವೆಯೂ ಕೊನೆಗೆ ಯಾರೋ ಒಬ್ಬರು ಕೆಲಸದ ನಡುವೆ ಬರೆದ ಎರಡು ಸಾಲಿನ ಮೇಲ್, ಹಂಚಿಕೊಂಡ ಒಂದು ಪಾಸ್‌ವರ್ಡ್, ಕೆಲಸ ಬಿಡುವ ಮುನ್ನ ಇಳಿಸಿಕೊಂಡ ಒಂದಷ್ಟು ಫೈಲುಗಳ ಮೇಲೆ ನಿಂತಿರುವುದು ಕಾಣುತ್ತದೆ. ಇವೆಲ್ಲ ನಮ್ಮ ನಿಮ್ಮ ದಿನನಿತ್ಯದ ಅಭ್ಯಾಸಗಳೇ. ಆದ್ದರಿಂದ ಮೊಕದ್ದಮೆಗಳನ್ನು ಹೇಗೆ ಓದಬೇಕು, ಓದಿದ್ದನ್ನು ಆಫರ್ ಲೆಟರ್‌ನಿಂದ ರಾಜೀನಾಮೆಯವರೆಗಿನ ನಮ್ಮ ನೌಕರಿಗೆ ಹೇಗೆ ಅನ್ವಯಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಸುದ್ದಿ ಯಾವ ಹಂತದ್ದು ಎಂದು ಮೊದಲು ನೋಡಿ

ದಾವೆ ಹೂಡಿದ ದಿನದ ಸುದ್ದಿ ವಾದಿಯ ಮಾತು ಮಾತ್ರ. ಅದರಲ್ಲಿರುವ ಯಾವ ಸಂಗತಿಯನ್ನೂ ಯಾವ ನ್ಯಾಯಾಧೀಶರೂ ಇನ್ನೂ ಪರೀಕ್ಷಿಸಿರುವುದಿಲ್ಲ. ಸುದ್ದಿ ಸಂಸ್ಥೆ ಎಎನ್‌ಐ ತನ್ನ ಸುದ್ದಿಗಳನ್ನು ಅನುಮತಿಯಿಲ್ಲದೆ ಬಳಸಿತೆಂದು 2024ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋದಾಗ ಬಂದ ಶೀರ್ಷಿಕೆಗಳನ್ನು ಓದಿದವರಲ್ಲಿ ಅನೇಕರು ತಪ್ಪು ಸಾಬೀತಾಗಿಯೇ ಹೋಯಿತು ಎಂಬಂತೆ ಮಾತನಾಡಿದ್ದರು. ದಾವೆ, ಮಧ್ಯಂತರ ಆದೇಶ, ವಿಚಾರಣಾ ನ್ಯಾಯಾಲಯದ ತೀರ್ಪು, ಮೇಲ್ಮನವಿ, ರಾಜಿ ಇವುಗಳಲ್ಲಿ ಯಾವ ಮೆಟ್ಟಿಲಿನಲ್ಲಿ ಪ್ರಕರಣ ನಿಂತಿದೆ ಎಂದು ಗುರುತಿಸಿಕೊಳ್ಳದೆ ಮುಂದೆ ಓದಬೇಡಿ.

ಹಂತ ಎಷ್ಟು ಮುಖ್ಯ ಎಂಬುದಕ್ಕೆ ಒರೇಕಲ್ ಮತ್ತು ಗೂಗಲ್ ನಡುವಿನ ವ್ಯಾಜ್ಯಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ತನ್ನ ಒಡೆತನದ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸುಮಾರು 11,500 ಸಾಲುಗಳ ಘೋಷಣಾ ಕೋಡನ್ನು (ಯಾವ ಕೆಲಸವನ್ನು ಯಾವ ಹೆಸರಿನಿಂದ ಕರೆಯಬೇಕೆಂದು ಹೇಳುವ ಸಾಲುಗಳನ್ನು) ಆ್ಯಂಡ್ರಾಯ್ಡ್‌ನಲ್ಲಿ ಬಳಸಿದ್ದರ ವಿರುದ್ಧ ಒರೇಕಲ್ 2010ರಲ್ಲಿ ದಾವೆ ಹೂಡಿತು. ಅಂಥ ಕೋಡಿಗೆ ಹಕ್ಕುಸ್ವಾಮ್ಯವೇ ಇಲ್ಲ ಎಂದು 2012ರಲ್ಲಿ ವಿಚಾರಣಾ ನ್ಯಾಯಾಲಯ ಹೇಳಿತು. ಇದೆ ಎಂದು 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. ಬಳಕೆ ನ್ಯಾಯಯುತ, ಅಂದರೆ ಅನುಮತಿಯಿಲ್ಲದೆಯೂ ಮಾಡಬಹುದಾದದ್ದು, ಎಂದು 2016ರಲ್ಲಿ ಜ್ಯೂರಿ (ಸಾಮಾನ್ಯ ನಾಗರಿಕರ ತೀರ್ಪುಮಂಡಳಿ) ಒಪ್ಪಿತು. ಅಲ್ಲ ಎಂದು 2018ರಲ್ಲಿ ಮತ್ತೆ ಮೇಲ್ಮನವಿ ನ್ಯಾಯಾಲಯ ಹೇಳಿತು. ಕೊನೆಗೆ 2021ರ ಏಪ್ರಿಲ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 6–2ರ ಬಹುಮತದಿಂದ ಗೂಗಲ್ ಪರ ತೀರ್ಪು ಕೊಟ್ಟಿತು. ನಡುವಿನ ಯಾವುದೇ ವರ್ಷದಲ್ಲಿ ಖಚಿತವಾಗಿ ಮಾತನಾಡಿದವರು ಮುಂದಿನ ಹಂತದಲ್ಲಿ ಮಾತು ಬದಲಿಸಬೇಕಾಯಿತು.

ಮೊತ್ತಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಎಪಿಕ್ ಸಿಸ್ಟಮ್ಸ್ ಎಂಬ ಅಮೆರಿಕದ ಆರೋಗ್ಯ ಸಾಫ್ಟ್‌ವೇರ್ ಕಂಪನಿ ಟಿಸಿಎಸ್ ವಿರುದ್ಧ 2014ರಲ್ಲಿ ಹೂಡಿದ ದಾವೆಯಲ್ಲಿ 2016ರ ಜ್ಯೂರಿ 94 ಕೋಟಿ ಡಾಲರ್ ಕೊಡಬೇಕೆಂದು ಹೇಳಿತು. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಬಂದದ್ದು ಆ ಮೊತ್ತ. ಮರುವರ್ಷ ನ್ಯಾಯಾಧೀಶರೇ ಅದನ್ನು 42 ಕೋಟಿಗೆ ಇಳಿಸಿದರು. ಮೇಲ್ಮನವಿಯಲ್ಲಿ 14 ಕೋಟಿ ಪರಿಹಾರ ಉಳಿಯಿತು, ದಂಡನಾತ್ಮಕ ಮೊತ್ತವೂ 14 ಕೋಟಿಯನ್ನು ಮೀರಬಾರದೆಂದಾಯಿತು. 2023ರ ನವೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮಧ್ಯಪ್ರವೇಶಿಸಲು ನಿರಾಕರಿಸುವುದರೊಂದಿಗೆ ಅದು ಅಲ್ಲಿಗೇ ನಿಂತಿತು. ಒಳಪುಟದ ಮೂಲೆಯಲ್ಲಿ ಬಂದ ಆ ಕೊನೆಯ ಸಂಖ್ಯೆಯೇ ಲೆಕ್ಕಕ್ಕೆ ಬರುವುದು.

ಮೂಲ ಕಾಗದ ಸಿಗುವುದೆಲ್ಲಿ

ನಮ್ಮ ದೇಶದ ಪ್ರಕರಣವಾದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಪ್ರತಿ ಪ್ರಕರಣಕ್ಕೂ ಕೊಡುವ ಹದಿನಾರು ಅಕ್ಷರಗಳ ಸಿಎನ್‌ಆರ್ ಸಂಖ್ಯೆಯಿಂದಲೋ ಪಕ್ಷಗಾರರ ಹೆಸರಿನಿಂದಲೋ ಹುಡುಕಬಹುದು. ತುಮಕೂರಿನ ಜಿಲ್ಲಾ ನ್ಯಾಯಾಲಯದ ಪ್ರಕರಣಗಳೂ ಅಲ್ಲಿಯೇ ಸಿಗುತ್ತವೆ. ಹೈಕೋರ್ಟು ಮತ್ತು ಸುಪ್ರೀಂ ಕೋರ್ಟಿನ ತೀರ್ಪುಗಳಿಗೆ ಆಯಾ ನ್ಯಾಯಾಲಯಗಳ ಜಾಲತಾಣ ಅಥವಾ ಇಂಡಿಯನ್ ಕಾನೂನ್ ಎಂಬ ತಾಣ ಸಾಕು. ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳ ಕನ್ನಡ ಅನುವಾದವನ್ನೂ ನ್ಯಾಯಾಲಯವೇ ಉಚಿತವಾಗಿ ಒದಗಿಸುತ್ತಿದೆ. ಅಮೆರಿಕದ ಕಡತಗಳಿಗೆ ಕೋರ್ಟ್‌ಲಿಸನರ್ ಎಂಬ ಉಚಿತ ತಾಣವಿದೆ. ತೀರ್ಪು ಉದ್ದವಿದೆ ಎಂದು ಹೆದರಬೇಕಾಗಿಲ್ಲ. ಮೊದಲು ಕೊನೆಯ ಆದೇಶ, ಆಮೇಲೆ ಪ್ರಕರಣದ ಸಂಗತಿಗಳು, ಬಳಿಕ ನ್ಯಾಯಾಲಯ ತನಗೆ ತಾನೇ ಹಾಕಿಕೊಂಡ ಪ್ರಶ್ನೆಗಳು ಎಂಬ ಕ್ರಮದಲ್ಲಿ ಓದಿದರೆ ಕಾನೂನು ಓದದವರಿಗೂ ಅರ್ಥವಾಗುತ್ತದೆ. ಓದುವಾಗ ಒಂದು ಪ್ರಶ್ನೆಯನ್ನು ಮಾತ್ರ ಕೈಬಿಡಬೇಡಿ: ಯಾವ ಉದ್ಯೋಗಿ, ಯಾವ ಗಳಿಗೆಯಲ್ಲಿ ಬೇರೆ ರೀತಿ ನಡೆದುಕೊಂಡಿದ್ದರೆ ಈ ಕಡತವೇ ಹುಟ್ಟುತ್ತಿರಲಿಲ್ಲ?

ಲಾಗಿನ್, ಫೈಲು, ಮೇಲ್

ಆ ಪ್ರಶ್ನೆಯನ್ನು ಟಿಸಿಎಸ್ ಪ್ರಕರಣಕ್ಕೆ ಹಾಕಿ ನೋಡಿ. ಕೈಸರ್ ಪರ್ಮನೆಂಟೆ ಎಂಬ ಆಸ್ಪತ್ರೆ ಸಮೂಹದ ಕೆಲಸ ಮಾಡುತ್ತಿದ್ದ ಟಿಸಿಎಸ್ ಉದ್ಯೋಗಿಯೊಬ್ಬರು ತಾವು ಕೈಸರ್‌ನ ನೌಕರರೆಂದು ತೋರಿಸಿ, ಎಪಿಕ್ ತನ್ನ ಗ್ರಾಹಕರಿಗೆ ಮೀಸಲಿಟ್ಟಿದ್ದ ತಾಣದಲ್ಲಿ ಖಾತೆ ಪಡೆದಿದ್ದರು. ಆ ಲಾಗಿನ್ ಸಹೋದ್ಯೋಗಿಗಳ ಕೈಗೂ ಹೋಯಿತು. ಆರು ಸಾವಿರಕ್ಕೂ ಹೆಚ್ಚು ದಾಖಲೆಗಳು ಡೌನ್‌ಲೋಡ್ ಆದವು. ವಿಷಯವನ್ನು ಹೊರಗೆಡಹಿದವರೂ ಟಿಸಿಎಸ್‌ನೊಳಗಿನ ಒಬ್ಬ ಉದ್ಯೋಗಿಯೇ. ಗಡುವಿನ ಒತ್ತಡದಲ್ಲಿ ‘ನಿನ್ನ ಲಾಗಿನ್ ಸ್ವಲ್ಪ ಕೊಡಪ್ಪ, ನನ್ನದು ಬರೋದಕ್ಕೆ ವಾರ ಆಗುತ್ತೆ’ ಎಂದು ಕೇಳುವುದು ನಮ್ಮ ಸೇವಾ ಕಂಪನಿಗಳಲ್ಲಿ ಎಷ್ಟು ಸಹಜವಾಗಿದೆ ಎಂದು ನಾನು ಹೇಳಬೇಕಾಗಿಲ್ಲ. ಕೊಡಬೇಡಿ. ಪರವಾನಗಿ ತಡವಾಗುತ್ತಿದೆ ಎಂಬ ಸಂಗತಿಯನ್ನು ಮ್ಯಾನೇಜರರಿಗೆ ಮೇಲ್ ಮೂಲಕ ತಿಳಿಸಿ ಸುಮ್ಮನೆ ಕಾಯಿರಿ. ತಡವಾದದ್ದಕ್ಕೆ ನೀವು ಹೊಣೆಯಲ್ಲ ಎಂಬುದಕ್ಕೆ ಆ ಮೇಲ್ ಸಾಕ್ಷಿಯಾಗುತ್ತದೆ. ಗ್ರಾಹಕ ಕಂಪನಿಯ ಜಾಗದಲ್ಲಿ ಕುಳಿತು ಕೆಲಸ ಮಾಡುವವರು ತಮ್ಮ ನಿಜವಾದ ಉದ್ಯೋಗದಾತ ಯಾರು ಎಂಬುದನ್ನು ಯಾವ ನಮೂನೆಯಲ್ಲಿಯೂ ಮರೆಮಾಚಬಾರದು.

ಎರಡನೆಯ ಪಾಠ ಫೈಲುಗಳದ್ದು. ಗೂಗಲ್‌ನ ಸೋದರ ಸಂಸ್ಥೆ ವೇಮೋ 2017ರ ಫೆಬ್ರುವರಿಯಲ್ಲಿ ಊಬರ್ ವಿರುದ್ಧ ಹೂಡಿದ ದಾವೆಯ ಪ್ರಕಾರ, ಚಾಲಕರಹಿತ ಕಾರಿನ ತಂಡದಲ್ಲಿದ್ದು ಮುಂದೆ ಊಬರ್ ಸೇರಿದ ಆಂಟನಿ ಲೆವಾಂಡೋವ್‌ಸ್ಕಿ ಕೆಲಸ ಬಿಡುವುದಕ್ಕೆ ಮುನ್ನ, 2015ರ ಡಿಸೆಂಬರ್‌ನಲ್ಲಿ, ಸುಮಾರು 14,000 ಫೈಲುಗಳನ್ನು ಇಳಿಸಿಕೊಂಡಿದ್ದರು. ವೇಮೋಗೆ ಅನುಮಾನ ಗಟ್ಟಿಯಾದದ್ದು, ಬಿಡಿಭಾಗ ಪೂರೈಸುವ ಸಂಸ್ಥೆಯೊಂದು ಊಬರ್‌ನ ಸರ್ಕ್ಯೂಟ್ ಬೋರ್ಡಿನ ನಕ್ಷೆಯಿದ್ದ ಮೇಲನ್ನು ಕೈತಪ್ಪಿ ವೇಮೋ ಉದ್ಯೋಗಿಗೂ ಕಳುಹಿಸಿದಾಗ. ಕಂಪನಿಗಳ ನಡುವಿನ ವ್ಯಾಜ್ಯ 2018ರಲ್ಲಿ ರಾಜಿಯಾಗಿ, ಊಬರ್ ತನ್ನ ಷೇರುಗಳಲ್ಲಿ ಶೇ 0.34ರಷ್ಟನ್ನು ಕೊಟ್ಟಿತು. ಆದರೆ ವ್ಯಕ್ತಿಯ ಮೇಲಿನ ಕ್ರಿಮಿನಲ್ ಪ್ರಕರಣ ರಾಜಿಯಲ್ಲಿ ಮುಗಿಯಲಿಲ್ಲ. 2019ರಲ್ಲಿ 33 ಆರೋಪಗಳು ದಾಖಲಾದವು. 2020ರಲ್ಲಿ ಅವರು ಒಂದನ್ನು ಒಪ್ಪಿಕೊಂಡು 18 ತಿಂಗಳ ಸಜೆಗೆ ಗುರಿಯಾದರು. 2021ರ ಜನವರಿಯಲ್ಲಿ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು, ಅದು ಬೇರೆ ವಿಷಯ. ನಮ್ಮಲ್ಲಿ ಯಾರಿಗೂ ಅಂಥ ಕ್ಷಮಾದಾನ ಸಿಗುವ ಸಂಭವವಿಲ್ಲ. ಅವರು ಒಪ್ಪಿಕೊಂಡ ಆ ಒಂದು ಆರೋಪ ಯಾವ ಫೈಲಿಗೆ ಸಂಬಂಧಿಸಿದ್ದು ಎಂಬುದನ್ನು ಗಮನಿಸಬೇಕು. ಅದು ಯಂತ್ರದ ನಕ್ಷೆಯಲ್ಲ, ಕೋಡೂ ಅಲ್ಲ. ತಂಡದ ಪ್ರಗತಿಯನ್ನು ವಾರ ವಾರ ಗುರುತು ಹಾಕುತ್ತಿದ್ದ ಒಂದು ದಾಖಲೆ. ಪ್ರತಿ ತಂಡದಲ್ಲೂ ಇರುವ, ಯಾರೂ ರಹಸ್ಯವೆಂದು ಭಾವಿಸದ ವೀಕ್ಲಿ ಸ್ಟೇಟಸ್ ಹಾಳೆ.

ಆದ್ದರಿಂದ ‘ನಾನೇ ಬರೆದದ್ದು, ಮುಂದೆ ಬೇಕಾಗಬಹುದು’ ಎಂದು ಪೆನ್‌ಡ್ರೈವಿಗೆ ಹಾಕಿಕೊಳ್ಳುವ, ಸ್ವಂತ ಜಿಮೇಲ್‌ಗೆ ಕಳುಹಿಸಿಕೊಳ್ಳುವ ಅಭ್ಯಾಸವನ್ನು ಮೊದಲ ದಿನದಿಂದಲೇ ಬಿಡಿ. ಭಾರತದ ಹಕ್ಕುಸ್ವಾಮ್ಯ ಕಾಯ್ದೆ, 1957ರ 17(ಸಿ) ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ನೀವು ಬರೆದದ್ದರ ಮೊದಲ ಮಾಲೀಕ ನಿಮ್ಮ ಉದ್ಯೋಗದಾತನೇ. ನಿಮ್ಮದೆನ್ನಿಸಿಕೊಳ್ಳುವುದು ನೀವು ಕಲಿತ ವಿದ್ಯೆ. ಅದನ್ನು ಉಳಿಸಿಕೊಳ್ಳಲು ಕಂಪನಿಯ ಕೋಡು, ಗ್ರಾಹಕರ ಹೆಸರು, ಅಂಕಿಅಂಶ ಯಾವುದೂ ಇಲ್ಲದ ಸ್ವಂತ ನೋಟ್‌ಬುಕ್ಕಿನಲ್ಲಿ ಸಾಮಾನ್ಯ ತತ್ವಗಳನ್ನು ಬರೆದಿಟ್ಟುಕೊಳ್ಳಿ. ಸಂಬಳದ ಚೀಟಿ, ಫಾರ್ಮ್ 16, ನೇಮಕಾತಿ ಪತ್ರ, ಬಡ್ತಿ ಪತ್ರಗಳಂಥ ನಿಮಗೇ ಸೇರಿದ ಕಾಗದಗಳನ್ನು ಮಾತ್ರ ಬಂದಾಗಲೇ ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ, ಏಕೆಂದರೆ ಲೇಆಫ್ ಆದ ದಿನ ಲ್ಯಾಪ್‌ಟಾಪ್ ತೆರೆಯುವುದೇ ಇಲ್ಲ.

ಎಐ ಸಾಧನಗಳಿಗೂ ಇದೇ ನಿಯಮ. 2023ರಲ್ಲಿ ಸ್ಯಾಮ್ಸಂಗ್‌ನ ಉದ್ಯೋಗಿಗಳು ಕಂಪನಿಯ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿದ್ದು ಬೆಳಕಿಗೆ ಬಂದ ಬಳಿಕ ಕಂಪನಿ ಅಂಥ ಸಾಧನಗಳನ್ನೇ ನಿರ್ಬಂಧಿಸಿತು. ನಿಮ್ಮ ಕಂಪನಿ ಲಿಖಿತವಾಗಿ ಅನುಮತಿಸಿದ ಸಾಧನವನ್ನು ಮಾತ್ರ ಬಳಸಿ. ಪಕ್ಕದವರು ಬಳಸುತ್ತಿದ್ದಾರೆ ಎಂಬುದು ಅನುಮತಿಯಲ್ಲ. ರೈಲಿನಲ್ಲಿ ಓಡಾಡುವ ನಮ್ಮ ಊರಿನವರಿಗೆ ಇನ್ನೊಂದು ಮಾತು: ಗ್ರಾಹಕ ಬ್ಯಾಂಕಿನ ಹೆಸರು ಹಿಡಿದು, ಸರ್ವರ್ ಯಾಕೆ ಬಿದ್ದಿತು ಎಂಬುದನ್ನು ಇಡೀ ಬೋಗಿಗೆ ಕೇಳುವಂತೆ ಫೋನಿನಲ್ಲಿ ವಿವರಿಸುವವರು ದಿನವೂ ಸಿಗುತ್ತಾರೆ. ಗೋಪ್ಯತೆಯ ಕರಾರಿಗೆ ಹಿರೇಹಳ್ಳಿ, ದಾಬಸ್‌ಪೇಟೆಗಳ ನಡುವೆ ರಿಯಾಯಿತಿ ಇಲ್ಲ.

ಮೂರನೆಯದು ಮೇಲ್ ಬರೆಯುವ ರೀತಿ. ಆ್ಯಪಲ್, ಗೂಗಲ್, ಇಂಟೆಲ್, ಅಡೋಬಿ ಮೊದಲಾದ ಕಂಪನಿಗಳು ಪರಸ್ಪರರ ಎಂಜಿನಿಯರುಗಳನ್ನು ಸೆಳೆಯಬಾರದೆಂದು ಒಳಗೊಳಗೇ ಮಾಡಿಕೊಂಡಿದ್ದ ಒಪ್ಪಂದದ ವಿರುದ್ಧ ಅಮೆರಿಕದ ನ್ಯಾಯ ಇಲಾಖೆ 2010ರಲ್ಲಿ ಕ್ರಮ ಕೈಗೊಂಡಿತು. ಬಳಿಕ ಸುಮಾರು 64,000 ಉದ್ಯೋಗಿಗಳ ಪರವಾಗಿ ಸಾಮೂಹಿಕ ದಾವೆ ನಡೆಯಿತು. 32.45 ಕೋಟಿ ಡಾಲರಿನ ರಾಜಿ ಸಾಲದೆಂದು ನ್ಯಾಯಾಧೀಶೆ ಲೂಸಿ ಕೋ 2014ರಲ್ಲಿ ತಳ್ಳಿಹಾಕಿದ ಮೇಲೆ, 2015ರಲ್ಲಿ 41.5 ಕೋಟಿಗೆ ರಾಜಿಯಾಯಿತು. ಈ ಇಡೀ ಪ್ರಕರಣದ ಜೀವಾಳ ಮುಖ್ಯಸ್ಥರು ತಾವೇ ಬರೆದ ಮೇಲ್‌ಗಳು. ಆ್ಯಪಲ್‌ನ ಎಂಜಿನಿಯರನ್ನು ಸಂಪರ್ಕಿಸಿದ ಗೂಗಲ್‌ನ ನೇಮಕಾತಿ ಉದ್ಯೋಗಿಯ ಬಗ್ಗೆ ಆ್ಯಪಲ್‌ನ ಆಗಿನ ಮುಖ್ಯಸ್ಥ ಸ್ಟೀವ್ ಜಾಬ್ಸ್ 2007ರಲ್ಲಿ ದೂರಿದರು; ಆ ಉದ್ಯೋಗಿಯನ್ನು ಕೆಲಸದಿಂದ ತೆಗೆಯಲಾಗುವುದು ಎಂಬ ಉತ್ತರ ಹೋಯಿತು; ಅದಕ್ಕೆ ಜಾಬ್ಸ್ ಪ್ರತಿಕ್ರಿಯೆ ಒಂದು ನಗುಮುಖದ ಚಿಹ್ನೆ. ಮುಂದೆ ದಾವೆಗೆ ಆಧಾರವಾಗುವ ಕಾಗದ ಬೇಡ, ಬಾಯಿಮಾತಿನಲ್ಲೇ ಇರಲಿ ಎಂಬರ್ಥದ, ಗೂಗಲ್‌ನ ಆಗಿನ ಮುಖ್ಯಸ್ಥ ಎರಿಕ್ ಶ್ಮಿಟ್ ಅವರ ಸೂಚನೆಯೂ ಮೇಲ್‌ನಲ್ಲಿಯೇ ಇತ್ತು, ಹಾಗಾಗಿ ಅದೂ ಕಡತ ಸೇರಿತು.

ಈ ಪ್ರಕರಣದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಕೆಲಸಗಾರನ ಬೆಲೆ ಏರದಂತೆ ನೋಡಿಕೊಳ್ಳಲು ಮಾಲೀಕರು ಗುಟ್ಟಾಗಿ ಕೈಜೋಡಿಸಿದ್ದು ಅನ್ಯಾಯ, ರಾಜಿಯ ಮೊತ್ತ ಆ ಅನ್ಯಾಯಕ್ಕೆ ಕಡಿಮೆಯೇ. ಆದರೆ ಇದರಿಂದ ‘ಏನನ್ನೂ ಬರೆಯಬಾರದು’ ಎಂಬ ಪಾಠ ಕಲಿಯುವುದು ತಲೆಕೆಳಗಾದ ಓದು. ಬಲವಿಲ್ಲದ ಉದ್ಯೋಗಿಗೆ ಬರಹವೇ ರಕ್ಷಣೆ. ಮ್ಯಾನೇಜರ್ ಬಾಯಿಮಾತಿನಲ್ಲಿ ಶನಿವಾರದ ಕೆಲಸ, ಬಡ್ತಿಯ ಭರವಸೆ ಅಥವಾ ಪರೀಕ್ಷೆ ಪೂರ್ಣಗೊಳಿಸದೆ ಬಿಡುಗಡೆ ಮಾಡುವ ಸೂಚನೆ ಕೊಟ್ಟರೆ, ಅದೇ ದಿನ ‘ಇಂದು ಚರ್ಚಿಸಿದಂತೆ’ ಎಂದು ಆರಂಭಿಸಿ ಶಾಂತವಾದ ನಾಲ್ಕು ಸಾಲು ಬರೆದು ಕಳುಹಿಸಿ. ಅದರಲ್ಲಿ ಸಂಗತಿ, ದಿನಾಂಕ, ಹೇಳಿದವರ ಹೆಸರು ಇರಲಿ; ಸಿಟ್ಟು, ವ್ಯಂಗ್ಯ, ಊಹೆ ಬೇಡ. ಕಂಪನಿಯ ಚಾಟ್‌ನಲ್ಲಿ ಬರೆದದ್ದೂ ಕಂಪನಿಯ ಸ್ವತ್ತೇ ಎಂಬುದು ನೆನಪಿರಲಿ.

ಆಫರ್ ಲೆಟರ್ ಮತ್ತು ಬಾಂಡ್

ನಮ್ಮ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬರುವ ಹುಡುಗ ಹುಡುಗಿಯರಿಗೆ ಎಲ್ಲಕ್ಕಿಂತ ಹೆಚ್ಚು ತೊಡಕಾಗುವುದು ಬಾಂಡ್, ಅಂದರೆ ಇಂತಿಷ್ಟು ವರ್ಷಕ್ಕೆ ಮುನ್ನ ಕೆಲಸ ಬಿಟ್ಟರೆ ಹಣ ಕಟ್ಟುತ್ತೇನೆಂಬ ಕರಾರು. ಮೊದಲ ನೌಕರಿಯ ಖುಷಿಯಲ್ಲಿ ಪುಟ ತಿರುಗಿಸುತ್ತ ಸಹಿ ಹಾಕಿಬಿಡುತ್ತಾರೆ. ಇದರ ಬಗ್ಗೆ ಎರಡು ವಿರುದ್ಧ ನಂಬಿಕೆಗಳು ಚಾಲ್ತಿಯಲ್ಲಿವೆ: ‘ಬಾಂಡ್ ಕೋರ್ಟಿನಲ್ಲಿ ನಿಲ್ಲುವುದೇ ಇಲ್ಲ’ ಎಂಬುದು ಒಂದು, ‘ಬಾಂಡ್ ಮುರಿದರೆ ಜೈಲು’ ಎಂಬುದು ಇನ್ನೊಂದು. ಎರಡೂ ತಪ್ಪು.

ಭಾರತೀಯ ಕರಾರು ಕಾಯ್ದೆ, 1872ರ 27ನೆಯ ಕಲಮು, ಯಾರೇ ಆಗಲಿ ನ್ಯಾಯಸಮ್ಮತ ವೃತ್ತಿ ಅಥವಾ ವ್ಯಾಪಾರ ಮಾಡದಂತೆ ತಡೆಯುವ ಕರಾರು ಆ ಮಟ್ಟಿಗೆ ಅಸಿಂಧು ಎನ್ನುತ್ತದೆ. ಆದರೆ ನೌಕರಿಯ ಅವಧಿಯ ಒಳಗಿನ ನಿರ್ಬಂಧ ಬೇರೆ, ನೌಕರಿ ಮುಗಿದ ಮೇಲಿನ ನಿರ್ಬಂಧ ಬೇರೆ ಎಂದು ನ್ಯಾಯಾಲಯಗಳು ಮೊದಲಿನಿಂದಲೂ ನೋಡುತ್ತ ಬಂದಿವೆ. 1967ರ ಗೋಲಿಕೇರಿ ಪ್ರಕರಣದಲ್ಲಿ, ಟೈರಿನ ನೂಲು ತಯಾರಿಸುವ ತರಬೇತಿ ಪಡೆದು ಐದು ವರ್ಷದ ಕರಾರಿನ ನಡುವೆಯೇ ಹೆಚ್ಚು ಸಂಬಳದ ಪ್ರತಿಸ್ಪರ್ಧಿ ಕಂಪನಿಗೆ ಹೋದವರ ವಿರುದ್ಧದ ತಡೆಯಾಜ್ಞೆಯನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 1980ರ ಸೂಪರಿಂಟೆಂಡೆನ್ಸ್ ಕಂಪನಿ ಪ್ರಕರಣದಲ್ಲಿ, ಕೆಲಸದಿಂದ ತೆಗೆದುಹಾಕಲ್ಪಟ್ಟವರು ಅದೇ ಕಸುಬು ಮಾಡದಂತೆ ತಡೆಯಲು ಒಪ್ಪಲಿಲ್ಲ. ಆದ್ದರಿಂದ ‘ಕೆಲಸ ಬಿಟ್ಟ ಮೇಲೆ ಎರಡು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರಬಾರದು’ ಎಂಬ ಷರತ್ತನ್ನು ಕಂಡು ನಿದ್ದೆಗೆಡಬೇಕಾಗಿಲ್ಲ. ಗೋಪ್ಯತೆಯ ಷರತ್ತು ಮಾತ್ರ ನೌಕರಿ ಮುಗಿದ ಮೇಲೂ ಜೀವಂತವಾಗಿರುತ್ತದೆ.

ಬಾಂಡಿನ ವಿಷಯದಲ್ಲಿ ಈಚಿನ ಮುಖ್ಯ ತೀರ್ಪು ವಿಜಯಾ ಬ್ಯಾಂಕ್ ಪ್ರಕರಣದ್ದು. ಮೂರು ವರ್ಷಕ್ಕೆ ಮುನ್ನ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಕರ್ನಾಟಕ ಹೈಕೋರ್ಟು ಒಪ್ಪಿರಲಿಲ್ಲ. 2025ರ ಮೇ 14ರಂದು ಸುಪ್ರೀಂ ಕೋರ್ಟು ಆ ಷರತ್ತು ಸಿಂಧು ಎಂದಿತು. ಇದನ್ನು ಓದಿ ‘ಇನ್ನು ಎಲ್ಲ ಬಾಂಡೂ ಗಟ್ಟಿ’ ಎಂದುಕೊಳ್ಳುವ ಮುನ್ನ ಕಾರಣಗಳನ್ನು ನೋಡಬೇಕು. ಅಲ್ಲಿದ್ದದ್ದು ಸರ್ಕಾರಿ ಬ್ಯಾಂಕು. ಬಹಿರಂಗ ನೇಮಕಾತಿಯ ಖರ್ಚು, ಹಿರಿಯ ಹುದ್ದೆ, ಆ ಹುದ್ದೆಯ ಸಂಬಳಕ್ಕೆ ಹೋಲಿಸಿದರೆ 2 ಲಕ್ಷ ಅತಿಯಾದ ಮೊತ್ತವಲ್ಲ ಎಂಬ ಎಣಿಕೆ ತೀರ್ಪಿನಲ್ಲಿದೆ. ಕರಾರು ಕಾಯ್ದೆಯ 74ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ನಮೂದಿಸಿದ ಮೊತ್ತ ಗರಿಷ್ಠ ಮಿತಿ ಮಾತ್ರ. ಕೊಡಿಸುವುದು ಸಮಂಜಸವಾದ ಪರಿಹಾರವನ್ನು. ಯಾವ ತರಬೇತಿಯನ್ನೂ ಕೊಡದೆ, ತಿಂಗಳಿಗೆ ಇಪ್ಪತ್ತು ಸಾವಿರ ಸಂಬಳ ಕೊಟ್ಟು, ಐದು ಲಕ್ಷದ ಬಾಂಡ್ ಬರೆಸಿಕೊಳ್ಳುವ ಸಂಸ್ಥೆಗೆ ಈ ತೀರ್ಪು ತಾನಾಗಿಯೇ ಆಸರೆಯಾಗುವುದಿಲ್ಲ ಎಂಬುದು ನನ್ನ ಓದು. ಇನ್ನು ಜೈಲಿನ ಮಾತು: ಬಾಂಡ್ ಮುರಿಯುವುದು ಸಿವಿಲ್ ವಿಷಯ. ನಿಮ್ಮಿಂದ ಬಲವಂತವಾಗಿ ಕೆಲಸ ಮಾಡಿಸಿಕೊಳ್ಳುವ ಆದೇಶವನ್ನೂ ನ್ಯಾಯಾಲಯ ಕೊಡುವುದಿಲ್ಲ, ಸಾಮಾನ್ಯವಾಗಿ ಹಣದ ಪರಿಹಾರವನ್ನಷ್ಟೇ ಕೇಳಬಹುದು.

ಹೀಗಿರುವಾಗ ಅಪಾಯ ಬಾಂಡಿಗಿಂತ ಹೆಚ್ಚಾಗಿ ಅದರ ಜೊತೆಗೆ ಕೇಳುವ ವಸ್ತುಗಳಲ್ಲಿದೆ. ಖಾಲಿ ಚೆಕ್ಕಿಗೆ ಸಹಿ ಮಾಡಿ ಕೊಡಬೇಡಿ, ಏಕೆಂದರೆ ಅದು ಬೌನ್ಸಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಕಲಮಿನಡಿ ಸಿವಿಲ್ ವಿಷಯ ಕ್ರಿಮಿನಲ್ ದೂರಾಗಿ ಬದಲಾಗುತ್ತದೆ. ತಂದೆಯಿಂದಲೋ ಸೋದರಮಾವನಿಂದಲೋ ಜಾಮೀನಿನ ಸಹಿ ಹಾಕಿಸುವ ಮುನ್ನ ಹತ್ತು ಸಲ ಯೋಚಿಸಿ. ಕರಾರು ಕಾಯ್ದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳದಿದ್ದರೆ, ಜಾಮೀನುದಾರನ ಹೊಣೆ ನಿಮ್ಮ ಹೊಣೆಯಷ್ಟೇ. ಶಿರಾದಲ್ಲೋ ಮಧುಗಿರಿಯಲ್ಲೋ ಎರಡೆಕರೆ ಜಮೀನು ನೆಚ್ಚಿಕೊಂಡ ತಂದೆಗೆ ಬೆಂಗಳೂರಿನಿಂದ ವಕೀಲರ ನೋಟಿಸ್ ಬಂದರೆ ಆ ಮನೆಯಲ್ಲಿ ಏನಾಗುತ್ತದೆಂದು ಬಾಂಡ್ ಬರೆಸಿಕೊಳ್ಳುವವರಿಗೂ ಚೆನ್ನಾಗಿ ಗೊತ್ತಿರುತ್ತದೆ. ಅಂಕಪಟ್ಟಿಗಳ ಮೂಲ ಪ್ರತಿಯನ್ನು ತೋರಿಸಿ ವಾಪಸ್ ತನ್ನಿ, ಇಟ್ಟುಬರಬೇಡಿ.

ಸಹಿಗೆ ಮುನ್ನ ಎಚ್‌ಆರ್‌ಗೆ ಒಂದು ಮೇಲ್ ಬರೆದು ಕೇಳಬೇಕಾದ ಸಂಗತಿಗಳಿವೆ. ತರಬೇತಿಯ ನಿಜವಾದ ಖರ್ಚೆಷ್ಟು, ಕೆಲಸ ಮಾಡಿದ ತಿಂಗಳಿಗೆ ತಕ್ಕಂತೆ ಬಾಂಡಿನ ಮೊತ್ತ ಇಳಿಯುತ್ತದೆಯೇ, ಕಂಪನಿಯೇ ತೆಗೆದುಹಾಕಿದರೆ ಬಾಂಡ್ ರದ್ದಾಗುತ್ತದೆಯೇ ಎಂಬುದಕ್ಕೆ ಲಿಖಿತ ಉತ್ತರ ಪಡೆಯಿರಿ. ಜೊತೆಗೆ, ಯಾರೂ ಓದದ ಕೊನೆಯ ಪುಟದಲ್ಲಿ ವ್ಯಾಜ್ಯ ಯಾವ ಊರಿನ ನ್ಯಾಯಾಲಯದಲ್ಲಿ ನಡೆಯಬೇಕೆಂಬ ಷರತ್ತು ಇರುತ್ತದೆ. ಎಚ್‌ಡಿಎಫ್‌ಸಿ ಬ್ಯಾಂಕಿಗೆ ಸಂಬಂಧಿಸಿದ ಪ್ರಕರಣದಲ್ಲಿ, ನೌಕರಿಯ ಕರಾರಿನಲ್ಲಿ ಮುಂಬೈ ನ್ಯಾಯಾಲಯ ಮಾತ್ರ ಎಂದು ಬರೆದಿದ್ದರೆ ಅದು ಉದ್ಯೋಗಿಯನ್ನೂ ಕಟ್ಟಿಹಾಕುತ್ತದೆ ಎಂದು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಿಮ್ಮ ಕರಾರಿನಲ್ಲಿ ಗುರುಗ್ರಾಮವೋ ಪುಣೆಯೋ ಇದ್ದರೆ, ತುಮಕೂರಿನಿಂದ ಅಲ್ಲಿಗೆ ವಾಯಿದೆಗೆ ಓಡಾಡುವ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಸಹಿ ಹಾಕಿ.

ಸ್ವಂತ ಪ್ರಾಜೆಕ್ಟ್, ಎರಡನೆಯ ಸಂಬಳ

ಈ ವಿಷಯವನ್ನು ಚುಟುಕಾಗಿ ಮುಗಿಸಬಹುದು. 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೊ ಏಕಕಾಲದಲ್ಲಿ ಪ್ರತಿಸ್ಪರ್ಧಿಗಳಿಗೂ ಕೆಲಸ ಮಾಡುತ್ತಿದ್ದ 300 ಮಂದಿಯನ್ನು ತೆಗೆದುಹಾಕಿತು. ಎರಡು ಕಡೆ ಪಿಎಫ್ ಜಮೆಯಾದರೆ ನಿಮ್ಮ ಪಿಎಫ್ ಖಾತೆಗಳಿಗೆಲ್ಲ ಸೇರಿ ಇರುವ ಒಂದೇ ಯುಎಎನ್ ಸಂಖ್ಯೆಯಲ್ಲಿ ಅದು ಕಾಣುತ್ತದೆ. ರಾತ್ರಿ ಮನೆಯಲ್ಲಿ ಆ್ಯಪ್ ಬರೆಯುವ ಉತ್ಸಾಹವಿದ್ದವರು ಸ್ವಂತ ಲ್ಯಾಪ್‌ಟಾಪ್, ಸ್ವಂತ ಇಂಟರ್ನೆಟ್ಟು, ಸ್ವಂತ ಸಮಯ ಬಳಸಿ, ಕಂಪನಿಯ ವ್ಯವಹಾರಕ್ಕೆ ಸಂಬಂಧಿಸದ ವಿಷಯವನ್ನೇ ಆರಿಸಿಕೊಂಡು, ಕೆಲಸಕ್ಕೆ ಸೇರುವಾಗಲೇ ಅದನ್ನು ಎಚ್‌ಆರ್‌ಗೆ ಲಿಖಿತವಾಗಿ ತಿಳಿಸಿದರೆ ಸಾಕು.

ಎಷ್ಟು ಹೊತ್ತು ದುಡಿಯಬೇಕು

ನಮ್ಮ ನೆರೆಯ ಶಿಡ್ಲಘಟ್ಟದಲ್ಲಿ ಹುಟ್ಟಿದ ಎನ್. ಆರ್. ನಾರಾಯಣ ಮೂರ್ತಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರ ಅಕ್ಟೋಬರ್‌ನಲ್ಲಿ ಹೇಳಿದ ಮೇಲೆ ಎದ್ದ ಚರ್ಚೆ ಇನ್ನೂ ತಣ್ಣಗಾಗಿಲ್ಲ. ಸ್ವಂತ ಕಂಪನಿ ಕಟ್ಟಿದವರ ಅನುಭವವನ್ನು ಸಂಬಳದವರಿಗೆ ಅಳತೆಗೋಲಾಗಿ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದಿದೆ. ಅದನ್ನು ಮೀರಿದರೆ ಎರಡು ಪಟ್ಟು ವೇತನ ಕೊಡಬೇಕು. ಈ ಮಿತಿಯನ್ನು ಸಡಿಲಿಸುವ ಪ್ರಸ್ತಾವ 2025ರಲ್ಲಿ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ಅದನ್ನು ವಿರೋಧಿಸಿತು. ಎಪ್ಪತ್ತು ಕಿಲೋಮೀಟರು ಹೋಗಿ, ಎಪ್ಪತ್ತು ಕಿಲೋಮೀಟರು ಬರುವವರಿಗೆ ಪ್ರಯಾಣದ ಹೊತ್ತು ಯಾವ ಕಾಯ್ದೆಯ ಲೆಕ್ಕಕ್ಕೂ ಸಿಗುವುದಿಲ್ಲ. ಹಾಗಾಗಿ ವಾರಕ್ಕೆ ಎರಡು ಮೂರು ದಿನ ಮನೆಯಿಂದ ಕೆಲಸ ಎಂಬ ಭರವಸೆಯನ್ನು ಆಫರ್ ಲೆಟರ್‌ನಲ್ಲಿಯೇ ಬರೆಸಿಕೊಳ್ಳಿ. ಬಾಯಿಮಾತಿನ ಹೈಬ್ರಿಡ್ ಹೊಸ ಮ್ಯಾನೇಜರ್ ಬಂದ ದಿನ ಮಾಯವಾಗುತ್ತದೆ. ಹೆಚ್ಚುವರಿ ಗಂಟೆಗಳನ್ನು ದಿನಾಂಕ ಸಹಿತ ಬರೆದಿಡುವ ಅಭ್ಯಾಸವೂ ಇರಲಿ.

ಬಿಟ್ಟು ಹೊರಡುವಾಗ

ಹೊಸ ಕಂಪನಿಯ ನೇಮಕಾತಿ ಪತ್ರ ಕೈಗೆ ಬಂದ ಮೇಲೆಯೇ ರಾಜೀನಾಮೆ ಕೊಡಿ. ಬಾಯಿಮಾತಿನ ಆಯ್ಕೆಯನ್ನು ನಂಬಿ ಕೊಡಬೇಡಿ. ರಾಜೀನಾಮೆಯ ಮೇಲ್‌ನಲ್ಲಿ ಕೊನೆಯ ದಿನ ಯಾವುದು ಎಂಬುದಿದ್ದರೆ ಸಾಕು, ದೂರುಗಳ ಪಟ್ಟಿ ಬೇಡ. ನೋಟಿಸ್ ಪೀರಿಯಡ್ ತೊಂಬತ್ತು ದಿನವಿದ್ದರೆ ಹಣ ಕಟ್ಟಿ ಮುಂಚೆ ಹೊರಡುವ ಅವಕಾಶ ಉದ್ಯೋಗಿಗೂ ಇದೆಯೇ, ಕಂಪನಿಗೆ ಮಾತ್ರವೇ ಎಂದು ಕರಾರಿನಲ್ಲಿ ನೋಡಿ. ಆ ದಿನಗಳಲ್ಲಿ ಯಾವ ದೊಡ್ಡ ಡೌನ್‌ಲೋಡನ್ನೂ ಮಾಡಬೇಡಿ, ಲ್ಯಾಪ್‌ಟಾಪನ್ನು ನೀವಾಗಿಯೇ ಅಳಿಸಿ ‘ಸ್ವಚ್ಛ’ ಮಾಡಲೂಬೇಡಿ. ಸ್ವಂತ ಫೋಟೊಗಳಿದ್ದರೆ ಐಟಿ ವಿಭಾಗಕ್ಕೆ ಬರೆದು ಅನುಮತಿ ಪಡೆದು ತೆಗೆಯಿರಿ. ವಸ್ತುಗಳನ್ನು ಒಪ್ಪಿಸಿದ್ದಕ್ಕೆ ರಸೀದಿ, ರಿಲೀವಿಂಗ್ ಲೆಟರ್, ಅನುಭವ ಪತ್ರ ಮೂರನ್ನೂ ಕೇಳಿ ಪಡೆಯಿರಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಕೆಲಸ ಬಿಟ್ಟ ಅಥವಾ ತೆಗೆದುಹಾಕಲ್ಪಟ್ಟ ಉದ್ಯೋಗಿಯ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ನಲವತ್ತೈದು ದಿನ ಕಾಯಿರಿ ಎನ್ನುವ ಎಚ್‌ಆರ್‌ಗೆ ಇದನ್ನು ವಿನಯವಾಗಿಯೇ ನೆನಪಿಸಬಹುದು.

ಇಷ್ಟಾದರೂ ವಕೀಲರ ನೋಟಿಸ್ ಬಂದರೆ ಗಾಬರಿಯಾಗಬೇಡಿ, ನಿರ್ಲಕ್ಷಿಸಲೂಬೇಡಿ. ನೋಟಿಸ್ ಎಂಬುದು ಸಮನ್ಸ್ ಅಲ್ಲ. ಆದರೆ ಅದರಲ್ಲಿ ಹೇಳಿದ ಗಡುವಿನೊಳಗೆ ಒಬ್ಬ ವಕೀಲರ ಮೂಲಕ ಉತ್ತರ ಹೋಗಬೇಕು. ನೋಟಿಸ್ ಬಂದ ಗಳಿಗೆಯಿಂದ ಯಾವ ಮೇಲನ್ನೂ ವಾಟ್ಸ್‌ಆ್ಯಪ್ ಸಂದೇಶವನ್ನೂ ಅಳಿಸಬೇಡಿ, ಕಂಪನಿಯವರು ಫೋನ್ ಮಾಡಿ ರಾಜಿಗೆ ಕರೆದರೆ ಬರಹದಲ್ಲಿ ಕೇಳಿ. ವಕೀಲರ ಶುಲ್ಕ ಭಾರವೆನಿಸಿದರೆ ತುಮಕೂರಿನ ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರಡಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು, ಉಳಿದ ಬಹುತೇಕರಿಗೆ ಆದಾಯದ ಮಿತಿ ಅನ್ವಯಿಸುತ್ತದೆ. 15100 ಸಹಾಯವಾಣಿಯಲ್ಲಿಯೂ ವಿಚಾರಿಸಬಹುದು. ಹೋಗುವಾಗ ನೇಮಕಾತಿ ಪತ್ರ, ಬಾಂಡಿನ ಪ್ರತಿ, ರಾಜೀನಾಮೆಯ ಮೇಲ್, ಕೊನೆಯ ಮೂರು ತಿಂಗಳ ಸಂಬಳದ ಚೀಟಿ ಮತ್ತು ನೋಟಿಸ್ ಬಂದ ಲಕೋಟೆ, ಅಂಚೆಯ ಮೊಹರಿನ ದಿನಾಂಕ ಕಾಣುವಂತೆ, ಜೊತೆಗಿರಲಿ.